ಕಳೆ ಕಲೆಯಾದ ಬಗೆ

ಮದ್ದು ಕೊಡುವ ಮೊದಲು ರೋಗದ ಮೂಲವನ್ನು ಅರಿಯಬೇಕು. ಮನುಷ್ಯನಿಗೆ ಸಲ್ಲುವ ಈ ಮಾತು ಯಂತ್ರಕ್ಕೂ ಸಲ್ಲುತ್ತದೆ. ಗಣಕಯಂತ್ರವು ಇಂದು ಪಟ್ಟಣದ ಕಚೇರಿಗಳಿಗಷ್ಟೇ ಮೀಸಲಾಗಿ ಉಳಿದಿಲ್ಲ. ಹಳ್ಳಿಯ ಪಡಸಾಲೆಯನ್ನೂ ಸೇರಿದೆ. ಮಕ್ಕಳ ಅಭ್ಯಾಸ, ಮನೆತನದ ವಂಶಾವಳಿ, ಭಜನಾ ಮೇಳದ ಪದಗಳ ವಹಿ, ಹೊಲಮನೆಯ ಲೆಕ್ಕಪತ್ರ ಇವೆಲ್ಲವೂ ಈಗ ಅದರ ಒಡಲಿನಲ್ಲಿವೆ. ಅದು ಪದೇ ಪದೇ ನಿಂತುಹೋಗತೊಡಗಿದರೆ ‘ಹಳೆಯದಾಯಿತು, ಹೊಸದನ್ನು ತನ್ನಿ’ ಎಂಬ ಉತ್ತರವೊಂದು ಎಲ್ಲೆಡೆ ಸಿದ್ಧವಾಗಿರುತ್ತದೆ. ಈ ಉತ್ತರ ಖರ್ಚಿನದು ಮಾತ್ರವಲ್ಲ, ಅಪಾಯದ್ದೂ ಹೌದು. ಏಕೆಂದರೆ ಕೆಟ್ಟ ಯಂತ್ರವು ನಿಲ್ಲುವ ಮೊದಲು ಏನೇನನ್ನು ಕೆಡಿಸಿದೆ ಎಂಬುದು ಆಗ ತಿಳಿಯದೆಯೇ ಉಳಿಯುತ್ತದೆ. ನಮ್ಮ ಮನೆಯ ಗಣಕದಿಂದ ನಾವು ಕಂಡುಕೊಂಡುದನ್ನು ಓದುಗ ಬಂಧುಗಳ ಮುಂದಿಡುತ್ತೇವೆ.

ನಮ್ಮ ಊರು ಇಟಗಿ. ಮಹಾದೇವ ದೇವಾಲಯದಿಂದ ಹೆಸರಾದ ಕೊಪ್ಪಳ ಜಿಲ್ಲೆಯ ಇಟಗಿಯಲ್ಲ. ಗದಗ ಜಿಲ್ಲೆಯಲ್ಲಿರುವ, ಭೀಮಾಂಬಿಕೆಯ ಇಟಗಿ. ಸುತ್ತಲೂ ರೋಣ ಸೀಮೆಯ ಎರೆಭೂಮಿ. ಮಠದಲ್ಲಿ ಓದುವ ಕಾಲದಲ್ಲಿ ನಮ್ಮ ಗುರುಗಳು ಓಲೆಗರಿಯ ಪ್ರತಿಗಳನ್ನು ಎದುರುಬದುರು ಇಟ್ಟು ಅಕ್ಷರ ಅಕ್ಷರವನ್ನು ತಾಳೆ ನೋಡುವುದನ್ನು ಕಲಿಸಿದ್ದರು. ಆ ಅಭ್ಯಾಸದ ಬಲದಿಂದಲೇ ಹಲವು ವರ್ಷಗಳಿಂದ ಈ ಭಾಗದ ಒಕ್ಕಲುತನದ ಪದಗಳನ್ನೂ ಹೊಲಗಳ ಹೆಸರುಗಳನ್ನೂ ಸಂಗ್ರಹಿಸುತ್ತ ಬಂದಿದ್ದೇವೆ. ರಂಟೆ, ಕುಂಟೆ, ಕೂರಿಗೆ, ಮಿಣಿ, ಮೇಳಿ, ಹಗೇವು ಹೀಗೆ ಸುಮಾರು 2,400 ಪದಗಳು ಗಣಕದಲ್ಲಿ ಸೇರಿವೆ. ಟ್ರ್ಯಾಕ್ಟರು ಬಂದ ಮೇಲೆ ಈ ಮಾತುಗಳನ್ನಾಡುವವರು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿದ್ದಾರೆ. ಪದ ಹೇಳಿದ ಹಿರಿಯರಲ್ಲಿ ಅರ್ಧದಷ್ಟು ಜನ ಈಗ ನಮ್ಮೊಡನಿಲ್ಲ.

ಕಳೆದ ಬೇಸಿಗೆಯಲ್ಲಿ ಈ ಗಣಕಕ್ಕೆ ಬೇನೆ ತಟ್ಟಿತು. ಒಮ್ಮೆ ತೆರೆ ನೀಲಿಯಾಗುವುದು; ಒಮ್ಮೆ ತಾನೇ ಆರಿ ತಾನೇ ಹೊತ್ತಿಕೊಳ್ಳುವುದು; ಒಮ್ಮೆ ಎಲ್ಲವೂ ಕಲ್ಲಾದಂತೆ ನಿಂತುಬಿಡುವುದು. ತೆರೆಯ ಮೇಲೆ ಬರುವ ದೋಷದ ಹೆಸರು ಇಂದಿನದು ನಾಳೆಗಿಲ್ಲ. ಡಿಪ್ಲೊಮಾ ಓದಿರುವ ನಮ್ಮ ತಮ್ಮನ ಮೊಮ್ಮಗ ಪೇಟೆಯಲ್ಲಿ ವಿಚಾರಿಸಿ ಬಂದನು.

“ಅಜ್ಜಾ, ಮದರ್‌ಬೋರ್ಡ ಹೋಗೇತಂತ್ರಿ. ಹೊಸಾದು ತಗೊಳ್ಳೂದ ಚಲೋ ಅಂದ್ರು.”

“ಯಾರು ನೋಡಿ ಹೇಳ್ಯಾರಪಾ?”

“ನೋಡಿಲ್ರೀ, ಫೋನಿನ್ಯಾಗ ಹೇಳಿದ್ರು.”

ಪ್ರತಿಯನ್ನು ನೋಡದೆ ಹೇಳಿದ ಪಾಠವನ್ನು ಒಪ್ಪುವ ಪದ್ಧತಿ ನಮ್ಮ ಗುರುಮನೆಯಲ್ಲಿ ಇರಲಿಲ್ಲ. ಆದ್ದರಿಂದ ನಾವಿಬ್ಬರೂ ಕೂಡಿ ಮೂಲವನ್ನೇ ಹುಡುಕಲು ನಿಶ್ಚಯಿಸಿದೆವು. ಎರಡು ನಿಯಮಗಳನ್ನು ಮಾಡಿಕೊಂಡೆವು. ಒಂದು ಸಲಕ್ಕೆ ಒಂದನ್ನೇ ಬದಲಿಸಬೇಕು. ಯಂತ್ರ ನಿಂತಾಗಲೆಲ್ಲ ದಿನ, ವೇಳೆ, ಆಗ ನಡೆದಿದ್ದ ಕೆಲಸ, ವಿದ್ಯುತ್ತಿನ ಸ್ಥಿತಿ ಇಷ್ಟನ್ನೂ ವಹಿಯಲ್ಲಿ ಬರೆಯಬೇಕು. ನಾಲ್ಕನ್ನು ಒಮ್ಮೆಗೇ ಬದಲಿಸಿದರೆ ರೋಗ ಗುಣವಾದರೂ ಅದು ಯಾವುದೆಂದು ತಿಳಿಯುವುದಿಲ್ಲ.

ದೋಷವು ಯಂತ್ರದ್ದೋ ಅದರೊಳಗಿನ ತಂತ್ರಾಂಶದ್ದೋ ಎಂಬುದು ಮೊದಲು ಇತ್ಯರ್ಥವಾಗಬೇಕಿತ್ತು. ಹುಡುಗನು ಪೆನ್‌ಡ್ರೈವಿನಿಂದ ಲಿನಕ್ಸ್ ಎಂಬ ಬೇರೆಯದೇ ವ್ಯವಸ್ಥೆಯನ್ನು ಚಾಲೂ ಮಾಡಿದನು. ಅದರಲ್ಲಿಯೂ ಗಣಕ ನಿಂತಿತು. ಎರಡು ಬೇರೆ ಬೇರೆ ತಂತ್ರಾಂಶಗಳು ಒಂದೇ ಬಗೆಯಾಗಿ ಎಡವಿದಾಗ ನೆಲವನ್ನೇ ಪರೀಕ್ಷಿಸಬೇಕಲ್ಲವೇ?

ಬಳಿಕ ವಿದ್ಯುತ್ತು. ಹೊಲಗಳ ಪಂಪ್‌ಸೆಟ್ಟುಗಳು ಒಮ್ಮೆಗೇ ಚಾಲೂ ಆದಾಗ ಮನೆಯ ದೀಪ ಮಂಕಾಗುವುದನ್ನು ಹಳ್ಳಿಗರೆಲ್ಲ ಬಲ್ಲರು. 230 ವೋಲ್ಟ್ ಇರಬೇಕಾದಲ್ಲಿ ನಮ್ಮ ಮೀಟರು ಒಮ್ಮೆ 188 ತೋರಿಸಿತು. ಯು.ಪಿ.ಎಸ್. ಜೋಡಿಸಿದೆವು, ಗಣಕ ಮತ್ತೂ ನಿಂತಿತು. ಒಳಗಿನ ವಿದ್ಯುತ್ ಪೆಟ್ಟಿಗೆಯು ಹಳದಿ ತಂತಿಯಲ್ಲಿ 12, ಕೆಂಪು ತಂತಿಯಲ್ಲಿ 5 ವೋಲ್ಟ್ ಕೊಡಬೇಕು. ನೂರಕ್ಕೆ ಐದರಷ್ಟು ಹೆಚ್ಚುಕಡಿಮೆ ನಡೆಯುತ್ತದೆ. ಅಂದರೆ 12 ಎಂಬುದು 11.4ರಿಂದ 12.6ರ ಒಳಗೆ ಇರತಕ್ಕದ್ದು. ಗಣಕವು ದುಡಿಯುತ್ತಿರುವಾಗಲೇ ಅಳೆದಾಗ 11.9 ಬಂದಿತು. ಪೆಟ್ಟಿಗೆ ನಿರ್ದೋಷಿ. ಇಲ್ಲೊಂದು ಎಚ್ಚರಿಕೆಯ ಮಾತು: ಆ ಪೆಟ್ಟಿಗೆಯನ್ನು ಮಾತ್ರ ಮನೆಯಲ್ಲಿ ಯಾರೂ ಬಿಚ್ಚಬಾರದು. ಪ್ಲಗ್ ಕಿತ್ತ ಮೇಲೆಯೂ ಅದರೊಳಗಿನ ಕೆಪಾಸಿಟರುಗಳಲ್ಲಿ ಪ್ರಾಣಾಪಾಯದ ವಿದ್ಯುತ್ತು ಉಳಿದಿರಬಹುದು.

ಮೂರನೆಯದು ಬಿಸಿಲು ಮತ್ತು ಧೂಳು. ಎರೆಮಣ್ಣಿನ ಧೂಳು ಹಿಟ್ಟಿನಷ್ಟು ನುಣುಪು. ಮುಚ್ಚಳ ತೆಗೆದಾಗ ಸಂಸ್ಕಾರಕದ ಮೇಲಿನ ಲೋಹದ ರೆಕ್ಕೆಗಳ ನಡುವೆ ಅದು ಕಂಬಳಿಯಂತೆ ಕುಳಿತಿತ್ತು. ಪಂಖದ ಅಲಗನ್ನು ಬೆರಳಿನಿಂದ ಹಿಡಿದು ಧೂಳನ್ನು ಊದಿ ತೆಗೆದೆವು. ಒಣಗಿದ್ದ ಉಷ್ಣವಾಹಕ ಲೇಪವನ್ನು ಒರೆಸಿ ಹೊಸದನ್ನು ಹಚ್ಚಿದೆವು. ಮಧ್ಯಾಹ್ನ ನಿಲ್ಲುವುದು ತಪ್ಪಿತು. ಆದರೆ ನಸುಕಿನ ತಂಪಿನಲ್ಲಿಯೂ ಎರಡು ಬಾರಿ ನಿಂತುದನ್ನು ವಹಿ ಹೇಳುತ್ತಿತ್ತು. ಒಂದು ದೇಹದಲ್ಲಿ ಎರಡು ರೋಗಗಳಿದ್ದವು; ಒಂದು ಮಾತ್ರ ಹೋಗಿತ್ತು. ವಹಿ ಇರದಿದ್ದರೆ ‘ಗುಣವಾಯಿತು’ ಎಂದು ಕೈತೊಳೆದುಕೊಳ್ಳುವ ಸಂದರ್ಭವದು. ನಾಲ್ಕನೆಯದಾಗಿ, ತನ್ನ ಆರೋಗ್ಯದ ಲೆಕ್ಕವನ್ನು ತಾನೇ ಇಟ್ಟುಕೊಳ್ಳುವ ಹಾರ್ಡ್‌ಡಿಸ್ಕನ್ನು ವಿಚಾರಿಸಿದೆವು. ಕೆಟ್ಟು ಬದಲಿಸಿದ ಭಾಗಗಳ ಸಂಖ್ಯೆ ಸೊನ್ನೆ ಎಂದಿತ್ತು.

ಹೀಗಿರುವಾಗ ಅಚ್ಚಿಗೆ ಕೊಡಲೆಂದು ಪದಪಟ್ಟಿಯನ್ನು ತಿದ್ದುತ್ತಿದ್ದ ನಮ್ಮ ಕಣ್ಣಿಗೆ ಒಂದು ಸಾಲು ಬಿತ್ತು: ‘ಕುರ್ಪಿ: ಹೊಲದ ಕಲೆ ತೆಗೆಯುವ ಸಾಧನ.’ ಕಳೆ ಎಂದಿರಬೇಕಾದಲ್ಲಿ ಕಲೆ! ಕೆ.ಪಿ. ರಾವ್ ಅವರು ರೂಪಿಸಿದ, ಕನ್ನಡ ಗಣಕ ಪರಿಷತ್ತಿನ ‘ನುಡಿ’ಯಿಂದ ಮನೆಮನೆಗೆ ಬಂದ ಕೀಲಿಮಣೆಯಲ್ಲಿ ಲ ಮತ್ತು ಳ ಒಂದೇ ಕೀಲಿಯಲ್ಲಿವೆ, ಶಿಫ್ಟ್ ಒತ್ತಿದರೆ ಳ. ಬೆರಳಚ್ಚಿನ ದೋಷವೆಂದು ಯಾರೂ ಹೇಳಬಹುದಾಗಿತ್ತು. ಮುಂದೆ ‘ಭೂಮಿ’ಯು ‘ಬೂಮಿ’ಯಾಗಿತ್ತು, ‘ಧಾನ್ಯ’ವು ‘ದಾನ್ಯ’ವಾಗಿತ್ತು. ಇವೂ ಶಿಫ್ಟಿನ ತಪ್ಪುಗಳಂತೆಯೇ ಕಂಡವು. ಆದರೆ ‘ಮಿಣಿ’ ಎಂಬ ಪದದ ಎದುರಿಗೆ ‘ತೊಗಲಿನ ಸಗ್ಗ’ ಎಂದಿತ್ತು. ಹಗ್ಗವು ಸಗ್ಗವಾಗಿತ್ತು! ಚೀಲದ ‘ಬಾಯಿ’ ಎಂಬುದು ‘ಬಾಮಿ’ ಎಂದಾಗಿತ್ತು. ಕೀಲಿಮಣೆಯಲ್ಲಿ ಹ ಮತ್ತು ಸ ಬೇರೆ ಬೇರೆ ಕೀಲಿಗಳು. ಯ ಮತ್ತು ಮ ಅಂತೂ ದೂರ ದೂರ. ಹಗೇವಿನಲ್ಲಿ ‘ವ’ ಇರಬೇಕಾದೆಡೆ ಅಕ್ಷರವೇ ಇರದೆ ಖಾಲಿ ಚೌಕವೊಂದು ಕುಳಿತಿತ್ತು. ಇವು ಕೈಯ ತಪ್ಪುಗಳಲ್ಲ.

ಓಲೆಗರಿಯ ಲಿಪಿಕಾರನು ಮಾಡುವ ತಪ್ಪಿಗೂ ಒಂದು ಸ್ವಭಾವವಿರುತ್ತದೆ. ಅದನ್ನು ಹಿಡಿದರೆ ಲಿಪಿಕಾರನೇ ಸಿಕ್ಕಂತೆ. ಈ ತಪ್ಪುಗಳ ಸ್ವಭಾವವೇನು? ಯುನಿಕೋಡ್ ಎಂಬ ಜಾಗತಿಕ ಸಂಕೇತಪದ್ಧತಿಯು 1991ರ ಮೊದಲ ಆವೃತ್ತಿಯಿಂದಲೇ ಕನ್ನಡದ ಅಕ್ಷರಗಳಿಗೆ ಒಂದೊಂದು ಸಂಖ್ಯೆಯನ್ನು ಗೊತ್ತುಮಾಡಿದೆ. ಗಣಕವು ನೆನಪಿಡುವುದು ಅಕ್ಷರವನ್ನಲ್ಲ, ಆ ಸಂಖ್ಯೆಯನ್ನು. ಹುಡುಗನು ಕೋಷ್ಟಕವನ್ನು ತೆಗೆದು ಓದಿದಂತೆ ನಾವು ಬರೆದುಕೊಂಡೆವು. ಲ 3250, ಳ 3251. ದ 3238, ಧ 3239. ಬ 3244, ಭ 3245. ಮ 3246, ಯ 3247. ಸ 3256, ಹ 3257. ವ 3253; ಅದರ ಹಿಂದಿನ 3252 ಯಾವ ಅಕ್ಷರಕ್ಕೂ ಕೊಡದೆ ಖಾಲಿ ಬಿಟ್ಟ ಸ್ಥಾನ. ಪಟ್ಟಿಯಲ್ಲಿ ದೊರೆತ 19 ತಪ್ಪುಗಳಲ್ಲಿಯೂ ಬೆಸ ಸಂಖ್ಯೆಯು ತನ್ನ ಹಿಂದಿನ ಸಮ ಸಂಖ್ಯೆಯಾಗಿತ್ತು. ಒಂದೇ ಒಂದು ಕಡೆಯಾದರೂ ಸಮವು ಬೆಸವಾಗಿರಲಿಲ್ಲ.

ಗಣಕವು ಎಲ್ಲ ಸಂಖ್ಯೆಗಳನ್ನೂ ಒಂದು ಮತ್ತು ಸೊನ್ನೆಗಳಲ್ಲಿಯೇ ಬರೆಯುತ್ತದೆ. ಹಾಗೆ ಬರೆದಾಗ ಬೆಸ ಸಂಖ್ಯೆಯ ಕೊನೆಯಲ್ಲಿ ಒಂದು, ಸಮ ಸಂಖ್ಯೆಯ ಕೊನೆಯಲ್ಲಿ ಸೊನ್ನೆ. ಅಂದರೆ ಎಲ್ಲಿಯೋ ಒಂದು ಮನೆಯಲ್ಲಿ ‘ಒಂದು’ ನಿಲ್ಲದೆ ಸೊನ್ನೆಯಾಗಿ ಬೀಳುತ್ತಿದೆ. ಅಂಥ ಮನೆಗಳು ಇರುವುದು ಗಣಕದ ತಾತ್ಕಾಲಿಕ ಸ್ಮೃತಿಯಾದ ರ‍್ಯಾಮ್‌ನಲ್ಲಿ. ಆ ಜಾಗಕ್ಕೆ ಕಡತದ ಅಕ್ಷರ ಬಂದರೆ ಪದ ಕೆಡುತ್ತದೆ. ಯಂತ್ರದ ಸ್ವಂತ ಆಜ್ಞೆಯೇ ಬಂದರೆ ಯಂತ್ರ ನಿಲ್ಲುತ್ತದೆ. ಪ್ರತಿ ಸಲ ದೋಷದ ಹೆಸರು ಬೇರೆಯಾಗುತ್ತಿದ್ದುದಕ್ಕೆ ಇದೇ ಕಾರಣ.

ಆ ರಾತ್ರಿ ಮೆಮ್‌ಟೆಸ್ಟ್ ಎಂಬ ಪರೀಕ್ಷಾ ತಂತ್ರಾಂಶವನ್ನು ನಡೆಯಬಿಟ್ಟು ಮಲಗಿದೆವು. ಅದು ಸ್ಮೃತಿಯ ಪ್ರತಿಯೊಂದು ಮನೆಯಲ್ಲಿಯೂ ಬರೆದು, ಮತ್ತೆ ಓದಿ, ಎರಡನ್ನೂ ತಾಳೆ ನೋಡುತ್ತದೆ. ಬೆಳಿಗ್ಗೆ ಎದ್ದಾಗ ತೆರೆಯ ಮೇಲೆ ಕೆಂಪು ಸಾಲುಗಳು. ಎಲ್ಲದರಲ್ಲಿಯೂ ಕೆಟ್ಟಿದ್ದು ಅದೇ ಕೊನೆಯ ಮನೆ. ನಮ್ಮ ಗಣಕದಲ್ಲಿ ಇದ್ದವು ಎರಡು ರ‍್ಯಾಮ್ ಪಟ್ಟಿಗಳು. ಪ್ಲಗ್ ಕಿತ್ತು, ಪೆಟ್ಟಿಗೆಯ ಲೋಹವನ್ನು ಮುಟ್ಟಿ ಮೈಯ ವಿದ್ಯುತ್ತನ್ನು ಕಳೆದುಕೊಂಡು, ಪಟ್ಟಿಗಳ ಹೊಂಬಣ್ಣದ ಅಂಚನ್ನು ಪೆನ್ಸಿಲ್ ರಬ್ಬರಿನಿಂದ ಮೃದುವಾಗಿ ಉಜ್ಜಿದೆವು. ದೋಷ ಹೋಗಲಿಲ್ಲ. ಆಮೇಲೆ ಒಂದೊಂದೇ ಪಟ್ಟಿಯನ್ನು ಒಂದೇ ಗಾಡಿಯಲ್ಲಿ ಇಟ್ಟು ನೋಡಿದೆವು. ಗಾಡಿ ಬದಲಿಸಿಯೂ ನೋಡಿದೆವು. ದೋಷವು ಗಾಡಿಯಲ್ಲಿ ಉಳಿಯದೆ ಪಟ್ಟಿಯ ಬೆನ್ನುಹತ್ತಿ ಹೋಯಿತು. ಮದರ್‌ಬೋರ್ಡಿನ ಮೇಲಿದ್ದ ಆರೋಪ ಬಿದ್ದುಹೋಯಿತು. ಪಟ್ಟಿಯೊಂದನ್ನು ಬದಲಿಸಿದ ಮೇಲೆ ಗಣಕ ಈವರೆಗೆ ನಿಂತಿಲ್ಲ.

ಇಂಥ ದೋಷ ನಮ್ಮೂರಿಗೆ ಮಾತ್ರ ಬಂದುದಲ್ಲ. 2003ರಲ್ಲಿ ಬೆಲ್ಜಿಯಂ ದೇಶದ ಸ್ಖಾರ್‌ಬೇಕ್ ಎಂಬಲ್ಲಿ ಗಣಕದ ಮೂಲಕ ನಡೆದ ಚುನಾವಣೆಯಲ್ಲಿ ಒಬ್ಬ ಅಭ್ಯರ್ಥಿಗೆ 4096 ಮತಗಳು ಹೆಚ್ಚಾಗಿ ಬಂದವು. ಎರಡನ್ನು ಹನ್ನೆರಡು ಸಲ ಗುಣಿಸಿದರೆ ಬರುವ ಸಂಖ್ಯೆಯೇ 4096. ಅಂದರೆ ಒಂದೇ ಒಂದು ಮನೆಯ ಸೊನ್ನೆ ಒಂದಾಗಿತ್ತು. ಸಾಧ್ಯವಿದ್ದುದಕ್ಕಿಂತ ಹೆಚ್ಚು ಮತ ಬಂದುದರಿಂದ ಅದು ಬಯಲಾಯಿತು. ಇಂಥ ತಪ್ಪನ್ನು ಹಿಡಿದು ತಿದ್ದುವ ಗಣಿತವನ್ನು ಅಮೆರಿಕದ ಬೆಲ್ ಪ್ರಯೋಗಾಲಯದ ರಿಚರ್ಡ್ ಹ್ಯಾಮಿಂಗ್ 1950ರಲ್ಲಿಯೇ ಪ್ರಕಟಿಸಿದ್ದರು. ದೊಡ್ಡ ಸಂಸ್ಥೆಗಳ ಗಣಕಗಳಲ್ಲಿ 64 ಮನೆಗಳಿಗೆ 8 ಕಾವಲಿನ ಮನೆಗಳನ್ನು ಸೇರಿಸಿದ ಸ್ಮೃತಿಪಟ್ಟಿಗಳಿರುತ್ತವೆ. ಮನೆಯ ಗಣಕಗಳಲ್ಲಿ ಸಾಮಾನ್ಯವಾಗಿ ಈ ಕಾವಲಿಲ್ಲ.

ಕಾವಲಿನ ಈ ವಿಚಾರ ನಮ್ಮ ಕವಿಗಳಿಗೆ ಹೊಸದಲ್ಲ. ಕಂದಪದ್ಯದಲ್ಲಿ ಮೊದಲ ಮತ್ತು ಮೂರನೆಯ ಸಾಲಿಗೆ 12, ಎರಡನೆಯ ಮತ್ತು ನಾಲ್ಕನೆಯ ಸಾಲಿಗೆ 20 ಮಾತ್ರೆಗಳು. ಲಿಪಿಕಾರನು ಒಂದು ಅಕ್ಷರವನ್ನು ನುಂಗಿದರೆ ಲೆಕ್ಕವೇ ದೂರು ಹೇಳುತ್ತದೆ. ಗದ್ಯಕ್ಕೆ ಆ ಕಾವಲಿಲ್ಲ. ಪದಪಟ್ಟಿಗಂತೂ ಇಲ್ಲವೇ ಇಲ್ಲ. ಅದರಲ್ಲಿಯೂ ಆಡುಮಾತಿನ ಪಟ್ಟಿಯಲ್ಲಿ ‘ಬೂಮಿ’, ‘ದಾನ್ಯ’ ಎಂದು ಅಚ್ಚಾದರೆ ಓದುವವರು ‘ರೋಣ ಸೀಮೆಯ ಒಕ್ಕಲಿಗರ ಉಚ್ಚಾರವೇ ಹೀಗೆ’ ಎಂದು ನಂಬುತ್ತಾರೆ. ಯಂತ್ರದ ಬೇನೆಯು ಜನರ ಬಾಯಿಮಾತಾಗಿ ಶಾಶ್ವತವಾಗಿ ಉಳಿಯುತ್ತದೆ. ನಿಂತುಹೋಗುವ ಯಂತ್ರಕ್ಕಿಂತ ನಿಲ್ಲದೆ ತಪ್ಪು ಬರೆಯುವ ಯಂತ್ರವೇ ಹೆಚ್ಚು ಭಯಂಕರವೆಂದು ನಮಗೆ ಅನಿಸಿದ್ದು ಆಗಲೇ.

ಪೆನ್‌ಡ್ರೈವಿನಲ್ಲಿದ್ದ ವಾರವಾರದ ನಕಲುಗಳು ಇಲ್ಲಿ ಪೂರ್ತಿ ನೆರವಾಗಲಿಲ್ಲ; ಪದ ಕೆಟ್ಟ ಮೇಲೆ ತೆಗೆದ ನಕಲು ಕೆಟ್ಟ ಪದವನ್ನೇ ನಿಷ್ಠೆಯಿಂದ ಕಾಪಾಡಿತ್ತು. ನೆರವಾದುದು ಪ್ರತಿ ಯುಗಾದಿಗೆ ನಾವು ತೆಗೆಸಿಡುವ ಕಾಗದದ ಪ್ರತಿ. ಮನೆಯ ಸೊಸೆ ತೆರೆಯ ಮೇಲಿನ ಪದವನ್ನು ಗಟ್ಟಿಯಾಗಿ ಓದುವಳು, ನಾವು ಕಾಗದದ ಮೇಲೆ ಬೆರಳಿಟ್ಟು ಕೇಳುವೆವು. ಹನ್ನೊಂದು ಸಂಜೆಗಳಲ್ಲಿ 18 ಪದಗಳು ತಮ್ಮ ನಿಜರೂಪಕ್ಕೆ ಮರಳಿದವು. ಉಳಿದುದು ಒಂದು. ಯುಗಾದಿಯ ನಂತರ ಸೇರಿದ ಹೊಲದ ಹೆಸರು ಅದು. ಕಡತದಲ್ಲಿ ‘ಬಾಲಪ್ಪನ ಪಟ್ಟಿ’ ಎಂದಿದೆ. ಪಕ್ಕದ ಎರಡು ಪದಗಳು ಕೆಟ್ಟಿರುವುದರಿಂದ ಅದು ‘ಬಾಳಪ್ಪನ ಪಟ್ಟಿ’ಯೂ ಇರಬಹುದು. ಎರಡೂ ನಮ್ಮ ಕಡೆಯ ಹೆಸರುಗಳೇ. ಹೇಳಿದ ಅಜ್ಜಿ ಮಳೆಗಾಲಕ್ಕೆ ಮುನ್ನ ತೀರಿಕೊಂಡರು. ಆ ಹೊಲ ಬೇರೊಂದರಲ್ಲಿ ಸೇರಿ ಅದರ ಹೆಸರನ್ನು ಬಲ್ಲವರು ಇಲ್ಲವಾಗಿದ್ದಾರೆ. ಹಳೆಯ ಪ್ರತಿಗಳಲ್ಲಿ ನಿರ್ಧಾರವಾಗದ ಪಾಠಗಳನ್ನು ಹೇಗೆ ಕೊಡುತ್ತೇವೆಯೋ ಹಾಗೆಯೇ ಎರಡೂ ರೂಪಗಳನ್ನು ಅಕ್ಕಪಕ್ಕದಲ್ಲಿ ಅಚ್ಚು ಮಾಡಿಸಲಿದ್ದೇವೆ.

ಬಂಧುಗಳೇ, ನಿಮ್ಮ ಮನೆಯ ಗಣಕ ಕಾರಣವಿಲ್ಲದೆ ನಿಲ್ಲತೊಡಗಿದರೆ ಮೊದಲು ಒಂದು ವಹಿಯನ್ನು ತೆರೆಯಿರಿ. ವಿದ್ಯುತ್ತು, ಬಿಸಿ, ಡಿಸ್ಕು, ಸ್ಮೃತಿ ಈ ನಾಲ್ಕನ್ನೂ ಒಂದೊಂದಾಗಿ ನೋಡಿರಿ. ಕೂಡಲಿಲ್ಲವೆಂದರೆ ನೋಡಬಲ್ಲವರನ್ನು ಕರೆದು ಎದುರಿಗೆ ಕುಳಿತು ನೋಡಿಸಿರಿ. ದೋಷ ಇತ್ಯರ್ಥವಾಗುವವರೆಗೆ ಮುಖ್ಯ ಕಡತಗಳನ್ನು ಅದರಲ್ಲಿ ತೆರೆದು ಮತ್ತೆ ಉಳಿಸಬೇಡಿರಿ. ವಂಶಾವಳಿಯಿರಲಿ, ಹಿರಿಯರು ಹಾಡುವ ಪದಗಳಿರಲಿ, ವರ್ಷಕ್ಕೊಮ್ಮೆ ಕಾಗದದ ಮೇಲೆ ತೆಗೆಸಿ, ಮನೆಮಂದಿ ಇಬ್ಬರು ಕುಳಿತು ಓದಿ ತಾಳೆ ನೋಡಿರಿ. ಹೇಳಿದವರು ಇರುವಾಗಲೇ ಅದನ್ನು ಮಾಡಿರಿ.