ನೀರೆಂಬ ಹೆಸರು, ಆಮ್ಲದ ಕೆಲಸ

ಅಕ್ವಾಟಿಂಟ್ ಎಂಬ ಪದದ ಸದ್ದೇ ನನಗೆ ಇಷ್ಟ. ಲ್ಯಾಟಿನ್ನಿನಲ್ಲಿ ‘ಅಕ್ವಾ’ ಎಂದರೆ ನೀರು, ‘ಟಿಂಕ್ಟಾ’ ಎಂದರೆ ಬಣ್ಣ ಹಿಡಿದದ್ದು. ಬಣ್ಣ ಹಿಡಿದ ನೀರು! ಕೇಳಿದ ಕೂಡಲೇ ಒದ್ದೆ ಕಾಗದದ ಮೇಲೆ ಕುಂಚದಿಂದ ಹರಡುವ ತೆಳು ಛಾಯೆ ಕಣ್ಣಿಗೆ ಕಟ್ಟುತ್ತದೆ.

ಆದರೆ ಈ ಚಿತ್ರದ ಛಾಯೆಯನ್ನು ಮಾಡುವುದು ನೀರಲ್ಲ. ತಾಮ್ರದ ತಗಡಿನ ಮೇಲೆ ರಾಳದ ನುಣ್ಣನೆಯ ಪುಡಿ ಉದುರಿಸಿ, ಕೆಳಗಿನಿಂದ ಕಾಯಿಸಿ ಅಂಟಿಸುತ್ತಾರೆ. ಆಮೇಲೆ ತಗಡನ್ನು ಆಮ್ಲದಲ್ಲಿ ಮುಳುಗಿಸುತ್ತಾರೆ. ರಾಳದ ಕಣಗಳ ನಡುವಿನ ಸಂದುಗಳಲ್ಲಿ ಆಮ್ಲ ತಾಮ್ರವನ್ನು ತಿನ್ನುತ್ತದೆ. ಆ ಸಣ್ಣ ಗುಳಿಗಳಲ್ಲಿ ಶಾಯಿ ನಿಲ್ಲುತ್ತದೆ. ಹೆಚ್ಚು ಹೊತ್ತು ತಿಂದ ಕಡೆ ಗಾಢ ಕಪ್ಪು, ಬೇಗ ವಾರ್ನಿಷ್ ಹಚ್ಚಿ ತಡೆದ ಕಡೆ ತಿಳಿ ಬೂದು. ಇಟಲಿಯವರು ನೈಟ್ರಿಕ್ ಆಮ್ಲವನ್ನು ‘ಆಕ್ವಾಫೋರ್ತೆ’, ಅಂದರೆ ಬಲಶಾಲಿ ನೀರು, ಎಂದು ಕರೆದರು. ಅಕ್ವಾಟಿಂಟ್‌ನ ‘ನೀರ’ನ್ನು ಹುಡುಕಬೇಕಾದದ್ದು ಅಲ್ಲೇ ಎಂದು ನನಗನ್ನಿಸುತ್ತದೆ.

1760ರ ದಶಕದ ಕೊನೆಗೆ ಫ್ರಾನ್ಸಿನ ಝಾನ್ ಬಾಪ್ತಿಸ್ತ್ ಲ ಪ್ರಾನ್ಸ್ ಈ ವಿಧಾನವನ್ನು ಪಳಗಿಸಿದ. ಇಂಗ್ಲೆಂಡಿನಲ್ಲಿ ಅದಕ್ಕೆ ಈ ಹೆಸರು ಅಂಟಿಸಿದ ಕೀರ್ತಿ ಪಾಲ್ ಸ್ಯಾಂಡ್ಬಿಯದು. ಆದರೆ ಪದದೊಳಗಿನ ಉಗ್ರತೆಯನ್ನು ಬಯಲಿಗೆಳೆದವನು ಸ್ಪೇನಿನ ಗೋಯಾ. 1799ರಲ್ಲಿ ಬಂದ ಅವನ 80 ಚಿತ್ರಗಳ ‘ಲಾಸ್ ಕಾಪ್ರಿಚೋಸ್’ ಮಾಲೆಯ 32ನೆಯದರಲ್ಲಿ ಕೊರೆದ ಗೆರೆಯೇ ಇಲ್ಲ, ಎಲ್ಲ ಅಕ್ವಾಟಿಂಟ್. ಸೆರೆಮನೆಯಲ್ಲಿ ಕೂತ ಹೆಣ್ಣೊಬ್ಬಳು, ಸುತ್ತ ಕತ್ತಲೆ. ಆ ಕತ್ತಲೆ ಆಮ್ಲ ತಿಂದ ಲೋಹದ್ದೆಂದು ತಿಳಿದ ಮೇಲೆ ಅವಳ ಒಂಟಿತನ ನನಗೆ ಇನ್ನಷ್ಟು ಭಾರವೆನಿಸಿತು.

ಇದೇ ವಿಧಾನ ನಮ್ಮೂರುಗಳನ್ನೂ ಮುಟ್ಟಿತು. ಟಿಪ್ಪು ಸುಲ್ತಾನನ ವಿರುದ್ಧದ ಯುದ್ಧಕ್ಕೆ ಬಂದಿದ್ದ ಬ್ರಿಟಿಷ್ ಸೇನೆಯ ಜೇಮ್ಸ್ ಹಂಟರ್ ಮೈಸೂರು ರಾಜ್ಯದ ದೃಶ್ಯಗಳನ್ನು ಬರೆದಿದ್ದ. ಅವನು ಸತ್ತ ಮೇಲೆ, 1804–05ರ ಹೊತ್ತಿಗೆ, ಅವನ 40 ಚಿತ್ರಗಳು ಲಂಡನ್ನಿನಲ್ಲಿ ಬಣ್ಣ ಹಚ್ಚಿದ ಅಕ್ವಾಟಿಂಟ್‌ಗಳಾಗಿ ಪ್ರಕಟವಾದವು. ಬೆಂಗಳೂರಿನ ಕೋಟೆ 1791ರಲ್ಲಿ ಮುತ್ತಿಗೆಗೆ ಬಿದ್ದಿತ್ತು. ಚಿತ್ರಗಳಲ್ಲಾದರೋ ಬೆಂಗಳೂರಿನ ಮೇಲೆ ಮೃದುವಾದ, ತಿಳಿಯಾದ ಆಕಾಶ.

ಆ ಆಕಾಶ ಸುಳ್ಳೆಂದು ನಾನು ಹೇಳಲಾರೆ. ಯುದ್ಧದ ಮರುದಿನವೂ ಬೆಂಗಳೂರಿನ ಬೆಳಗು ಚೆಂದವೇ ಇದ್ದಿರಬೇಕು. ಆದರೆ ಇಂಥ ಚಿತ್ರದ ಮುಂದೆ ನಿಂತಾಗ ಎರಡು ಪ್ರಶ್ನೆ ಒಟ್ಟಿಗೇ ಕೇಳಿಕೊಳ್ಳುತ್ತೇನೆ: ಈ ಛಾಯೆ ಎಷ್ಟು ಮೃದು? ಇದಕ್ಕಾಗಿ ಏನೇನು ಸವೆಯಿತು?