ಬಿಟ್ಟ ಉಸಿರನ್ನೇ ಎಳೆಯುವ ಯಂತ್ರ

ವಾಚನಾಲಯದ ಹುಡುಗರು ಈ ಸಲದ ಪುಸ್ತಕಕ್ಕೆ ಸುರಂಗದ ಬಗ್ಗೆ ಏನಾದರೂ ಬರೆದು ಕೊಡಿ ಅಂತ ಎರಡು ಸಲ ಮನೆಗೆ ಬಂದರು. ಸುರಂಗದ ಬಗ್ಗೆ ಬರೆದವರು ನಮ್ಮಲ್ಲಿ ಕಡಿಮೆ ಇಲ್ಲ. ವಾಣಿನಗರದ ಶ್ರೀಪಡ್ರೆಯವರು ಬರೆದು ಹೊರಲೋಕಕ್ಕೂ ಗೊತ್ತಾಗಿದೆ. ಅಡ್ಯನಡ್ಕದ ಹತ್ತಿರ ಅಮೈಯ ಮಹಾಲಿಂಗ ನಾಯ್ಕರು ಒಬ್ಬರೇ ಸುರಂಗ ಕೊರೆದು ಬರಡು ಗುಡ್ಡೆಯಲ್ಲಿ ತೋಟ ಎಬ್ಬಿಸಿದ್ದಕ್ಕೆ 2022ರಲ್ಲಿ ಪದ್ಮಶ್ರೀ ಬಂತು. ನಾನು ಏಳನೇ ಕ್ಲಾಸಿನವ, ಅದಕ್ಕೆ ಇನ್ನು ಸೇರಿಸುವುದು ಎಂತ? ಆದರೆ ಹೋದ ವರ್ಷ ನನ್ನ ಅಳಿಯ ಊರಿಗೆ ಬರುವಾಗ ಒಂದು ಯಂತ್ರ ತಂದಿದ್ದ. ಸುರಂಗದೊಳಗೆ ಅಷ್ಟು ವರ್ಷ ನಾನು ಎಳೆದ ಉಸಿರು ಎಂತದು ಅಂತ ಅದನ್ನು ನೋಡಿದ ಮೇಲೆ ನನಗೆ ಸರಿಯಾಗಿ ಅರ್ಥವಾಯಿತು. ಹಾಗಾಗಿ ಆ ಯಂತ್ರದ ಬಗ್ಗೆ ಬರೆಯುತ್ತೇನೆ. ಸುರಂಗ ನಡುವೆ ಬಂದೇ ಬರುತ್ತದೆ.

ಅಳಿಯ ಅಂದರೆ ತಂಗಿಯ ಮಗ. ಫುಜೈರಾದಲ್ಲಿ ಹಡಗುಗಳ ಅಡಿಭಾಗ ತಿಕ್ಕುವ, ನೀರೊಳಗೆ ವೆಲ್ಡಿಂಗ್ ಮಾಡುವ ಕೆಲಸ. ಕೆಲಸಕ್ಕೆ ಇಳಿಯುವಾಗ ಮೇಲಿನಿಂದ ಪೈಪಿನಲ್ಲಿ ಗಾಳಿ ಬರುತ್ತದೆ. ರಜೆಯ ದಿನ ನಾವಾದರೆ ನಿದ್ದೆ ಮಾಡುತ್ತೇವೆ, ಇವನು ಸ್ನೇಹಿತರ ಜೊತೆ ಮುಳುಗಿದ ಹಡಗು ನೋಡಲು ಹೋಗುತ್ತಾನೆ. ಅಲ್ಲಿಯ ಸಮುದ್ರದಲ್ಲಿ 1999ರಲ್ಲಿ ಸ್ಫೋಟವಾಗಿ ಮುಳುಗಿದ ಇನೆಸ್ ಎಂಬ ಎಣ್ಣೆ ಹಡಗು 72 ಮೀಟರ್ ಆಳದಲ್ಲಿ ಉಂಟಂತೆ. ಇನ್ನೂ ಆಳದಲ್ಲಿ, 108 ಮೀಟರಿನಲ್ಲಿ, ಯುದ್ಧಕಾಲದ ಜರ್ಮನಿಯ ಸಬ್‌ಮೆರೀನ್ ಯು-533 ಮಲಗಿದೆ. 1943ರ ಅಕ್ಟೋಬರಿನಲ್ಲಿ ಬ್ರಿಟಿಷ್ ವಿಮಾನ ಬಾಂಬು ಹಾಕಿ ಮುಳುಗಿಸಿದ್ದು. ಒಳಗಿದ್ದ 53 ಜನರಲ್ಲಿ ಒಬ್ಬನೇ ಬದುಕಿ ಮೇಲೆ ಬಂದ. ಅವನನ್ನು ನೀರಿನಿಂದ ಎತ್ತಿದ್ದು ನಮ್ಮ ಭಾರತದ ನೌಕಾಪಡೆಯ ಹೀರಾವತಿ ಎಂಬ ಹಡಗು. ಅಳಿಯ ಅಷ್ಟು ಆಳಕ್ಕೆ ಹೋದವನಲ್ಲ. ಇನೆಸ್‌ಗೆ ಹೋಗುತ್ತಾನೆ. ಅದರ ಎಂಜಿನ್ ಕೋಣೆಯ ಒಳಗೆ ಹೋಗುವುದಕ್ಕೆ ಯಂತ್ರವನ್ನು ತನ್ನ ಮೈಗೆ ಸರಿ ಮಾಡಿಕೊಳ್ಳಬೇಕು ಅಂತ ಬಿಚ್ಚಿ ಪೆಟ್ಟಿಗೆಯಲ್ಲಿ ಹಾಕಿ ತಂದಿದ್ದ. ಇಪ್ಪತ್ತು ದಿವಸ ನಮ್ಮ ಜಗಲಿ ತುಂಬ ಅದೇ.

"ಎಂತದು ಮಾರಾಯ ಇದು?" ಅಂತ ಕೇಳಿದೆ.

"ರೀಬ್ರೀದರ್ ಮಾವ. ಬಿಟ್ಟ ಉಸಿರನ್ನೇ ಪುನಃ ಎಳೆಯುವುದು."

ನನಗೆ ಮೈ ಝುಂ ಎಂದಿತು. ಸುರಂಗದಲ್ಲಿ ನಾವು ಹೆದರುತ್ತಿದ್ದದ್ದು ಅದಕ್ಕೇ ಅಲ್ವಾ? ಎರಡೂವರೆ ಅಡಿಗೆ ಒಂದು ಕೋಲು ಲೆಕ್ಕ. ನಲವತ್ತು ಐವತ್ತು ಕೋಲು ಒಳಗೆ ಹೋದ ಮೇಲೆ ಹೊರಗಿನ ಗಾಳಿ ಬರುವುದಿಲ್ಲ, ಒಳಗಿನದು ಹೋಗುವುದಿಲ್ಲ. ಮುರಕಲ್ಲು ಕಡಿಯುವವನು ತಾನು ಬಿಟ್ಟದ್ದನ್ನೇ ಎಳೆಯುತ್ತಾನೆ. ಗೋಡೆಯ ಗೂಡಿನಲ್ಲಿಟ್ಟ ದೀಪದ ಕುಡಿ ಸಣ್ಣದಾದರೆ ಪಿಕ್ಕಾಸು ಅಲ್ಲೇ ಬಿಟ್ಟು ಹೊರಗೆ ಬರಬೇಕು. ಅಪ್ಪ ಕಲಿಸಿದ ಮೊದಲ ಪಾಠ ಅದು. ಹಾಗಿರುವಾಗ ಇವನು ದುಡ್ಡು ಕೊಟ್ಟು ಬಿಟ್ಟ ಉಸಿರನ್ನೇ ಎಳೆಯುತ್ತಾನೆ!

ಅವನು ಸಮಾಧಾನದಲ್ಲಿ ಬಿಡಿಸಿ ಹೇಳಿದ. ನಾವು ಎಳೆಯುವ ಗಾಳಿಯಲ್ಲಿ ನೂರಕ್ಕೆ 21 ಪಾಲು ಆಮ್ಲಜನಕ. ಬಿಡುವಾಗಲೂ ಅದರಲ್ಲಿ 16-17 ಪಾಲು ಉಳಿದಿರುತ್ತದೆ. ಖರ್ಚಾದದ್ದು ನಾಲ್ಕೈದು ಪಾಲು ಮಾತ್ರ, ಆ ಜಾಗಕ್ಕೆ ಇಂಗಾಲದ ಡೈಆಕ್ಸೈಡ್ ಬಂದು ಕೂತಿರುತ್ತದೆ. ಸಾಧಾರಣ ಸಿಲಿಂಡರ್ ಕಟ್ಟಿಕೊಂಡು ಮುಳುಗುವವರು ಪ್ರತಿ ಉಸಿರನ್ನೂ ಗುಳ್ಳೆ ಮಾಡಿ ನೀರಿಗೆ ಬಿಡುತ್ತಾರೆ. ಆಳ ಹೋದಷ್ಟೂ ನೀರಿನ ಒತ್ತಡ ಜಾಸ್ತಿ, ಒಂದು ಉಸಿರಿಗೆ ಬೇಕಾದ ಗಾಳಿಯೂ ಜಾಸ್ತಿ. 72 ಮೀಟರಿನಲ್ಲಿ ನೆಲದ ಮೇಲಿನ ಸುಮಾರು ಎಂಟು ಪಟ್ಟು ಬೇಕು. ದೊಡ್ಡ ಸಿಲಿಂಡರ್ ಒಂದು ಕಾಲು ಗಂಟೆಗೆ ಖಾಲಿ. ಆದರೆ ಮೈಗೆ ನಿಜವಾಗಿ ಬೇಕಾದ ಆಮ್ಲಜನಕ ಆಳಕ್ಕೆ ಹೋದರೂ ಅಷ್ಟೇ, ನಿಮಿಷಕ್ಕೆ ಒಂದು ಲೀಟರಿನ ಆಸುಪಾಸು. ಕೆಟ್ಟದ್ದನ್ನು ತೆಗೆದು, ಖರ್ಚಾದದ್ದನ್ನು ಮಾತ್ರ ಸೇರಿಸಿದರೆ ಅದೇ ಉಸಿರು ಗಂಟೆಗಟ್ಟಲೆ ನಡೆಯುತ್ತದೆ.

ಕೆಟ್ಟದ್ದನ್ನು ತೆಗೆಯುವುದು ಯಾವುದು ಗೊತ್ತುಂಟಾ? ಸುಣ್ಣ. ನಾವು ಎಲೆಗೆ ಹಚ್ಚುವ ಸುಣ್ಣದ ಜಾತಿಯದ್ದೇ, ಸ್ವಲ್ಪ ಕಾಸ್ಟಿಕ್ ಸೋಡ ಸೇರಿಸಿ ಕಾಳು ಮಾಡಿದ್ದು. ಶಾಲೆಯಲ್ಲಿ ಮಾಸ್ತರು ಸುಣ್ಣದ ತಿಳಿನೀರಿಗೆ ಕೊಳವೆಯಲ್ಲಿ ಊದಿಸಿ ಹಾಲಿನಂತೆ ಬೆಳ್ಳಗಾಗುವುದನ್ನು ತೋರಿಸಿದ್ದರು. ಅದೇ ವಿದ್ಯೆ. ಎರಡೂವರೆ ಕೆಜಿಯಷ್ಟು ಕಾಳು ಒಂದು ಡಬ್ಬಿಯಲ್ಲಿ, ಬಿಟ್ಟ ಉಸಿರು ಅದರ ನಡುವೆ ಹಾದು ಬರಬೇಕು. ಮೂರು ಗಂಟೆಗೆ ಸುಣ್ಣ ಸಾಯುತ್ತದೆ, ಹೊಸತು ತುಂಬಿಸಬೇಕು. ಡಬ್ಬಿ ತುಂಬಿಸುವ ಅವನ ಕ್ರಮ ನೋಡಿ ನನಗೆ ಸಂತೋಷವಾಯಿತು. ಸ್ವಲ್ಪ ಸುರಿಯುವುದು, ಬದಿಗೆ ತಟ್ಟುವುದು, ಪುನಃ ಸುರಿಯುವುದು, ಪುನಃ ತಟ್ಟುವುದು. ಸೇರಿನಲ್ಲಿ ಅಕ್ಕಿ ಅಳೆದುಕೊಳ್ಳುವ ಜಿಪುಣನ ಹಾಗೆ. ಸಡಿಲ ಬಿಟ್ಟರೆ ಕಾಳಿನ ನಡುವೆ ಸಂದಿ ಆಗಿ ಉಸಿರು ಸುಣ್ಣ ಮುಟ್ಟದೆ ಓಡಿ ಬರುತ್ತದೆ. ನೀರು ನುಗ್ಗಿದರೆ ಸುಣ್ಣದ ನೀರು ಬಾಯಿಗೇ ಬಂದು ಗಂಟಲು ಸುಡುತ್ತದೆ. ಹಾಡುವವನಿಗೆ ಅದನ್ನು ಕೇಳಿಯೇ ಗಂಟಲು ಹಿಡಿದ ಹಾಗಾಯಿತು.

ಈ ಉಪಾಯ ಹೊಸತಲ್ಲವಂತೆ. ಹೆನ್ರಿ ಫ್ಲೂಸ್ ಎಂಬ ಇಂಗ್ಲಿಷಿನವ 1878ರಲ್ಲೇ ಮಾಡಿದ್ದ. ಕ್ಷಾರದ ನೀರಲ್ಲಿ ನೆನೆಸಿದ ಹುರಿಯ ಮೂಲಕ ಉಸಿರು ಹಾಯಿಸುತ್ತಿದ್ದನಂತೆ. ಅದು ಹೆಸರು ಮಾಡಿದ್ದು ಎಲ್ಲಿ ಅಂದರೆ, ಸುರಂಗದಲ್ಲಿ! ಸೆವರ್ನ್ ನದಿಯ ಅಡಿಯಲ್ಲಿ ರೈಲಿಗೆ ಸುರಂಗ ಕೊರೆಯುವಾಗ 1879ರಲ್ಲಿ ದೊಡ್ಡ ಒರತೆ ಒಡೆದು ನೀರು ತುಂಬಿತು. ನಮಗಾದರೆ ಹಬ್ಬ, ಅವರಿಗೆ ಕುತ್ತು. ಸುಮಾರು ಸಾವಿರ ಅಡಿ ಒಳಗಿನ ಕಬ್ಬಿಣದ ಬಾಗಿಲು ಮುಚ್ಚದೆ ನೀರು ಖಾಲಿಯಾಗದು. ಅಲೆಕ್ಸಾಂಡರ್ ಲ್ಯಾಂಬರ್ಟ್ ಎಂಬ ಮುಳುಗುಗಾರ ಗಾಳಿಪೈಪು ಎಳೆದುಕೊಂಡು ಹೋಗಿ ಸೋತ. 1880ರ ನವೆಂಬರಿನಲ್ಲಿ ಫ್ಲೂಸನ ಯಂತ್ರ ಕಟ್ಟಿಕೊಂಡು ಕತ್ತಲಲ್ಲಿ ತಡಕಾಡುತ್ತಾ ಹೋಗಿ ಬಾಗಿಲು ಮುಚ್ಚಿ ಬಂದ. ಹೇಳಿಕೊಟ್ಟ ಹಾಗೆ ಒಂದು ವಾಲ್ವನ್ನೂ ತಿರುಗಿಸಿದ. ಅದರ ಮರೆ ಎಡಗಡೆಯದ್ದಂತೆ, ಹಾಗಾಗಿ ಮುಚ್ಚಿದೆನೆಂದು ತಿರುಗಿಸಿದ್ದು ತೆರೆದುಕೊಂಡಿತ್ತು. ಇದು ಆಮೇಲೆ ಗೊತ್ತಾದದ್ದು. ಯಾವ ಮೇಸ್ತ್ರಿಯ ಕೆಲಸವೋ!

ಈಗ ಅಳಿಯನ ಬದಲಾವಣೆಗೆ ಬರುತ್ತೇನೆ. ಕಂಪೆನಿಯಿಂದ ಬಂದ ಹಾಗೆ ಯಂತ್ರ ಬೆನ್ನ ಮೇಲೆ ಕೂರುತ್ತದೆ, ಗೂನು ಬೆನ್ನಿನ ಹಾಗೆ. ಮುಳುಗಿದ ಹಡಗಿನ ಬಾಗಿಲು ಓರೆಯಾಗಿರುತ್ತದೆ, ತಂತಿ ನೇತಾಡುತ್ತದೆ, ಹಳೆಯ ಮೀನಿನ ಬಲೆ ಸುತ್ತಿಕೊಂಡಿರುತ್ತದೆ. ಬೆನ್ನಿನಲ್ಲಿ ಸಿಕ್ಕಿದ್ದನ್ನು ಕೈಯಿಂದ ಬಿಡಿಸಲು ಆಗುವುದಿಲ್ಲ. ಅದಕ್ಕೆ ಇವನು ಸುಣ್ಣದ ಡಬ್ಬಿ ಸಮೇತ ಎಲ್ಲವನ್ನೂ ಎಡ ಪಕ್ಕೆಗೆ ತಂದ, ಬಲ ಪಕ್ಕೆಗೆ ಅಪಾಯದ ಹೊತ್ತಿಗೆ ಬೇರೆ ಸಿಲಿಂಡರ್. ಕಣ್ಣಿಗೆ ಕಾಣಬೇಕು, ಕೈಗೆ ಸಿಗಬೇಕು ಅಂತ ಅವನ ಲೆಕ್ಕ. ಕುಂಬಳೆಯ ವೆಲ್ಡಿಂಗ್‌ನವನೊಬ್ಬ ಸ್ಟೀಲ್ ತಗಡು ಬಗ್ಗಿಸಿ ಕೊಟ್ಟ. ಪೇಟೆಯಲ್ಲಿ ಚಪ್ಪಲಿ ಹೊಲಿಯುವವರು ಪಟ್ಟಿ ಹೊಲಿದರು. ಪೈಪುಗಳನ್ನು ಗಿಡ್ಡ ಮಾಡಿಸಿದ, ನೇತಾಡಿದರೆ ಸಿಕ್ಕಿಕೊಳ್ಳುತ್ತದೆ ಅಂತ. ಬಲೆ ಕತ್ತರಿಸುವ ಚಿಕ್ಕ ಕತ್ತಿ ಎರಡು, ಯಾವ ಕೈ ಖಾಲಿ ಇದ್ದರೂ ಸಿಗುವ ಹಾಗೆ. ಸೀಸದ ತುಂಡುಗಳನ್ನು ಸೊಂಟಕ್ಕೆ ಹಂಚಿದ, ಇಲ್ಲದಿದ್ದರೆ ಮೈ ಒಂದು ಬದಿಗೆ ವಾಲುತ್ತದೆ. ನಾವೂ ಹಾಗೆಯೇ, ಎರಡಡಿ ಅಗಲದ ಸುರಂಗಕ್ಕೆ ಪಿಕ್ಕಾಸಿನ ಕಾವು ಗಿಡ್ಡ ಮಾಡಿಕೊಳ್ಳುತ್ತಿದ್ದೆವು. ಎಡಗೈಯವನ ಪಿಕ್ಕಾಸು ನನಗೆ ಆಗುತ್ತಿರಲಿಲ್ಲ.

ಒಂದನ್ನು ಮಾತ್ರ ಅವನು ಮುಟ್ಟಲಿಲ್ಲ. ಆಮ್ಲಜನಕ ಅಳೆಯುವ ಮೂರು ಸಣ್ಣ ಸೆಲ್. ಮೂರು ಯಾಕೆ? ಒಂದು ಸುಳ್ಳು ಹೇಳಿದರೆ ಉಳಿದ ಎರಡನ್ನು ನಂಬುವುದಕ್ಕೆ. ಆಮ್ಲಜನಕ ಜಾಸ್ತಿಯಾದರೆ ಆಳದಲ್ಲಿ ಅದೇ ವಿಷ, ಫಿಟ್ಸ್ ಬರುತ್ತದೆ. ಶುದ್ಧ ಆಮ್ಲಜನಕವಾದರೆ ಆರೇಳು ಮೀಟರಿನ ಕೆಳಗೇ ಅಪಾಯವಂತೆ. ಕಡಿಮೆಯಾದರೆ? ಅಲ್ಲಿ ಅವನು ಹೇಳಿದ ಮಾತು ನನ್ನ ತಲೆಯಲ್ಲಿ ನಿಂತಿತು. ಸುರಂಗದಲ್ಲಿ ಏದುಸಿರು ಬರುತ್ತದಲ್ಲ, ಎದೆ ಬಿಗಿಯುತ್ತದಲ್ಲ, ಅದು ಮುಖ್ಯವಾಗಿ ಆಮ್ಲಜನಕ ಕಡಿಮೆಯಾದದ್ದಕ್ಕಲ್ಲ, ಕೆಟ್ಟ ಗಾಳಿ ಜಾಸ್ತಿಯಾದದ್ದಕ್ಕೆ. ಮೈ ಎಚ್ಚರಿಸುವುದು ಅದನ್ನು ಹಿಡಿದು. ಯಂತ್ರದಲ್ಲಿ ಸುಣ್ಣ ಕೆಟ್ಟದ್ದನ್ನೆಲ್ಲ ತಿಂದುಬಿಡುತ್ತದೆ. ಆಮೇಲೆ ಆಮ್ಲಜನಕ ಮುಗಿಯುತ್ತಾ ಬಂದರೂ ಎದೆ ಬಿಗಿಯುವುದಿಲ್ಲ, ಏದುಸಿರಿಲ್ಲ. ಹಿತವಾಗಿಯೇ ಇರುತ್ತದೆ. ಹಾಗೇ ಎಚ್ಚರ ತಪ್ಪುತ್ತದೆ.

"ಹಾಗಾದರೆ ನಿನ್ನ ದೀಪ ಯಾವುದು?" ಅಂದೆ.

ಕಣ್ಣಿನ ಅಂಚಿಗೆ ಬರುವ ಹಾಗೆ ಒಂದು ಪುಟ್ಟ ಬೆಳಕು ಇಟ್ಟಿದ್ದ. ಹಸಿರು ಇದ್ದರೆ ಸರಿ, ಕೆಂಪಾದರೆ ಆ ಬಾಯಿ ಬಿಟ್ಟು ಬೇರೆ ಸಿಲಿಂಡರಿಗೆ ಹೋಗಬೇಕು. ಎಲ್ಲಿ ಬೇಕಾದರೂ ಜೋಡಿಸಬಹುದಾದ ಅದನ್ನು ಎಡಗಣ್ಣಿನ ಬದಿಗೇ ಯಾಕೆ ಅಂದರೆ, ಬಲಗೈಯಲ್ಲಿ ಟಾರ್ಚ್ ಇರುತ್ತದೆ, ಅದರ ಬೆಳಕಿಗೆ ಇದು ಮಂಕಾಗಬಾರದು. ಅಷ್ಟು ಹೇಳಿದ ಮೇಲೆ ನನಗೆ ಅವನ ಮೇಲೆ ನಂಬಿಕೆ ಬಂತು.

ಆಳಕ್ಕೆ ಹೀಲಿಯಂ ಬೆರೆಸಿದ ಗಾಳಿ ಬೇಕು, ಇಲ್ಲದಿದ್ದರೆ ಕಳ್ಳು ಕುಡಿದ ಹಾಗೆ ಅಮಲು. ಹೀಲಿಯಂನಲ್ಲಿ ಸ್ವರ ಕೀಚುಗುಟ್ಟುತ್ತದಂತೆ. ಪಾಡ್ದನ ಹೇಳುವವರಿಗೆ ಆಗಿಬರುವ ಗಾಳಿಯಲ್ಲ.

ಕೆರೆಯಲ್ಲಿ ಪರೀಕ್ಷೆ ಮಾಡಿದ ದಿನದ್ದನ್ನು ಹೇಳಲೇಬೇಕು. ಮಂಗಳೂರಿನಿಂದ ಸಿಲಿಂಡರ್ ತುಂಬಿಸಿ ತಂದು, ತೋಟದ ಬದಿಯ ಕೆರೆಗೆ ಇಳಿದ. ಹನ್ನೆರಡು ಅಡಿ ನೀರು. ತಂಗಿ ಕಟ್ಟೆಯ ಮೇಲೆ ಕೂತಿದ್ದಳು. ಮುಳುಗಿದವನು ಬದುಕಿದ್ದಾನೆ ಅಂತ ಮೇಲಿದ್ದವರಿಗೆ ತಿಳಿಯುವುದು ಗುಳ್ಳೆಯಿಂದ. ಇವನ ಯಂತ್ರದಲ್ಲಿ ಗುಳ್ಳೆಯೇ ಇಲ್ಲ. ಹಡಗಿನೊಳಗೆ ಅದು ಒಳ್ಳೆಯದೇ, ಗುಳ್ಳೆ ಬಡಿದು ಮಾಡಿನ ತುಕ್ಕು ಉದುರಿದರೆ ಏನೂ ಕಾಣುವುದಿಲ್ಲ. ಆದರೆ ನಮಗೆ? ನೀರು ಕನ್ನಡಿಯ ಹಾಗೆ ನಿಂತಿತ್ತು. ಐದು ನಿಮಿಷ ಆಗುವಾಗ ತಂಗಿ "ಅಣ್ಣ, ಹಗ್ಗ ಎಳಿ" ಅಂದಳು. ಸೊಂಟಕ್ಕೆ ಹಗ್ಗ ಕಟ್ಟಿಯೇ ಬಿಟ್ಟಿದ್ದೆ, ಸುರಂಗದ ಕ್ರಮ ಅದು. ಒಂದು ಸಲ ಎಳೆದೆ. ಕೆಳಗಿನಿಂದ ಒಂದು ಎಳೆತ ಬಂತು. ನಲವತ್ತು ನಿಮಿಷ ಹಾಗೆಯೇ ಕಳೆಯಿತು. ನಾನು ಇರುಳಿಡೀ ಪಾಡ್ದನ ಹೇಳಿದವ, ಆ ನಲವತ್ತು ನಿಮಿಷದಷ್ಟು ಉದ್ದದ ಹೊತ್ತು ನೋಡಲಿಲ್ಲ.

2024ರ ಜುಲೈಯಲ್ಲಿ ಶಿರೂರಿನಲ್ಲಿ ಗುಡ್ಡ ಜರಿದು ಲಾರಿ ಗಂಗಾವಳಿ ನದಿಗೆ ಬಿದ್ದಾಗ ಇಲ್ಲಿ ನಾವೆಲ್ಲ ಟಿವಿಯ ಮುಂದೆ ಕೂತಿದ್ದೆವಲ್ಲ. ನೌಕಾಪಡೆಯವರು ಇಳಿದರು, ಮಲ್ಪೆಯ ಈಶ್ವರ್ ಇಳಿದರು. ಲಾರಿ ಸಿಕ್ಕಿದ್ದು ಸೆಪ್ಟೆಂಬರ್ 25ಕ್ಕೆ, ಡ್ರೆಜರ್ ಬಂದ ಮೇಲೆ. ಇಂಥ ಯಂತ್ರ ಇದ್ದರೆ ಬೇಗ ಸಿಗುತ್ತಿತ್ತಾ ಅಂತ ಕೇಳಿದೆ. "ಇಲ್ಲ ಮಾವ. ಅಲ್ಲಿ ಕಮ್ಮಿ ಇದ್ದದ್ದು ಉಸಿರಲ್ಲ. ಆ ಸೆಳೆತದಲ್ಲಿ ಮನುಷ್ಯ ನಿಲ್ಲುವುದೇ ಇಲ್ಲ" ಅಂದ.

ಕೆರೆಯಿಂದ ಬಂದ ಮೇಲೆ ನಮ್ಮ ಸುರಂಗದ ಮಾತು ಬಂತು. ಮಳೆಗಾಲದಲ್ಲಿ ಐವತ್ತೈದು ಕೋಲು ಒಳಗೆ ಮಾಡು ಕುಸಿದು ನೀರು ಬೆರಳಿನಷ್ಟು ಬರುತ್ತಿದ್ದದ್ದು ದಾರದಷ್ಟಾಗಿತ್ತು. ಬೇಸಗೆಗೆ ಇನ್ನೂರು ಕಂಗಿಗೆ ಅದೇ ಗತಿ. ಮಣ್ಣು ತೆಗೆಯಲು ಒಳಗೆ ಹೋದವರು ಎದೆ ಬಿಗಿದು ವಾಪಸು ಬಂದಿದ್ದರು. ಅಳಿಯ ಯಂತ್ರ ಕಟ್ಟಿಕೊಂಡು ತಾನೇ ಹೋಗುತ್ತೇನೆ ಅಂದ. ನಾನು ಬೇಡ ಅಂದೆ. ನೀರಿನಲ್ಲಿ ಹಗುರವಾಗುವ ಭಾರ ನೆಲದಲ್ಲಿ ಮೂವತ್ತು ಕೆಜಿ ಮಿಕ್ಕುತ್ತದೆ, ಅದನ್ನು ಹೊತ್ತು ಕುಸಿದ ಮಾಡಿನ ಕೆಳಗೆ ಮಣ್ಣು ಬಗೆಯುವುದುಂಟಾ? ಅವನಿಗೆ ಸಿಟ್ಟು ಬಂತು. "ಹೊಸತಾಗಿ ಬದಲಾಯಿಸಿದ ಯಂತ್ರವನ್ನು ತಲೆಯ ಮೇಲೆ ಮಾಡು ಇರುವಲ್ಲಿಗೆ ಕೂಡಲೇ ಒಯ್ಯಬಾರದು, ತೆರೆದ ನೀರಿನಲ್ಲಿ ಹತ್ತಿಪ್ಪತ್ತು ಸಲ ಆಗಬೇಕು ಅಂತ ನೀನೇ ಅಲ್ಲವಾ ಮೊನ್ನೆ ಹೇಳಿದ್ದು?" ಅಂದೆ. ಸುಮ್ಮನಾದ. ಊಟವಾದ ಮೇಲೆ ಅವನೇ ಬೇರೆ ದಾರಿ ತೆಗೆದ.

ಸೆಲ್ ಹಾಕಿದ ಅಂಗೈಯಗಲದ ಮೀಟರ್ ಒಂದು ಅವನಲ್ಲಿ ಬೇರೆ ಇತ್ತು. ಅದನ್ನೂ ನನ್ನ ದೀಪವನ್ನೂ ಹಿಡಿದು, ಹಗ್ಗ ಕಟ್ಟಿಕೊಂಡು ಇಬ್ಬರೂ ಒಳಗೆ ಹೋದೆವು. ಬಾಗಿಲಲ್ಲಿ 20.9. ಮೂವತ್ತು ಕೋಲಿನಲ್ಲಿ 20.1. ನಲವತ್ತೈದರಲ್ಲಿ 19.3. ದೀಪ ಚೆನ್ನಾಗಿಯೇ ಉರಿಯುತ್ತಿತ್ತು, ನನಗೆ ಎದೆ ಮಾತ್ರ ಸ್ವಲ್ಪ ಬಿಗಿದಿತ್ತು. "ನಮ್ಮ ಕೆಲಸದಲ್ಲಿ 19.5ರ ಕೆಳಗೆ ಕಾಲಿಡುವಂತಿಲ್ಲ" ಅಂತ ಹೇಳಿ ನನ್ನನ್ನು ಹಿಂದೆ ತಿರುಗಿಸಿದ. ದೀಪ ನಂದುವುದು 16-17ಕ್ಕೆ ಬಂದ ಮೇಲೆ. ಅಲ್ಲಿಯವರೆಗೆ ನಾವು ಹಿಂದೆಲ್ಲ ಕಡಿಯುತ್ತಾ ಇರುತ್ತಿದ್ದೆವು!

ನಾಲ್ಕಿಂಚಿನ ಪೈಪು ಜೋಡಿಸಿ ಕರೆಂಟಿನ ಬ್ಲೋವರ್‌ನಲ್ಲಿ ಗಾಳಿ ಊದಿದೆವು. ನೆರೆಮನೆಯವರು ಪೆಟ್ರೋಲಿನದ್ದು ಕೊಡಲು ಬಂದರು, ಅದರ ಹೊಗೆ ಒಳಗೆ ಹೋದರೆ ಮತ್ತೆ ದೀಪವೂ ಬೇಡ ಮೀಟರೂ ಬೇಡ. ಒಂದು ಗಂಟೆ ಊದಿದ ಮೇಲೆ ಐವತ್ತೈದನೇ ಕೋಲಿನಲ್ಲಿ 20.6. ಇಬ್ಬರು ಆಳು, ನಾಲ್ಕು ದಿವಸ. ಕುಸಿದಲ್ಲಿಗೆ ಕಂಗಿನ ಸಲಾಕೆ ಕೊಟ್ಟು ಮಣ್ಣು ಹೊರಗೆ ಹಾಕಿದೆವು. ನೀರು ಎರಡು ದಿನ ಕೆಂಪಾಗಿ ಬಂದು ಆಮೇಲೆ ತಿಳಿಯಾಯಿತು. ಮೊದಲಿನಷ್ಟಲ್ಲ, ಕಿರುಬೆರಳಿನಷ್ಟು. ತೋಟಕ್ಕೆ ಸಾಕು.

ಅಳಿಯ ಹೋಗುವಾಗ ಮೀಟರನ್ನು ನನಗೆ ಬಿಟ್ಟುಹೋದ. ವಾರಕ್ಕೊಮ್ಮೆ ಅಂಗಳದಲ್ಲಿ ಇಟ್ಟು 20.9 ತೋರಿಸುತ್ತದಾ ಅಂತ ನೋಡುತ್ತೇನೆ. ಈ ತಿಂಗಳಿಂದ 20.2 ಅಂತ ತೋರಿಸುತ್ತದೆ. ಅಂಗಳದ ಗಾಳಿ ಕೆಟ್ಟದ್ದಲ್ಲ, ಸೆಲ್ ಮುದುಕಾದದ್ದು. ಬಿಸುವಿಗೆ ಬರುವಾಗ ಹೊಸತು ತರುತ್ತೇನೆ ಅಂತ ಫೋನಿನಲ್ಲಿ ಹೇಳಿದ್ದಾನೆ. ಅಲ್ಲಿಯವರೆಗೆ ಸುರಂಗಕ್ಕೆ ಯಾರೂ ಹೋಗಬಾರದು ಅಂತಲೂ ಹೇಳಿದ್ದಾನೆ. ಎಡ ಪಕ್ಕೆಯ ಪಟ್ಟಿ ಒಂದು ಬಿಗಿಯಾಯಿತಂತೆ, ಚಪ್ಪಲಿಯವರ ಹತ್ತಿರ ಇನ್ನೊಂದು ಹೊಲಿಸಿಡಬೇಕು.