ಸಕ್ಕರೆ ಕರಗುವ ಹೊತ್ತು

ಮೂವತ್ತಾರು ವರ್ಷಗಳ ಕಾಲ ಮಕ್ಕಳಿಂದ ಶಬ್ದರೂಪಗಳನ್ನೂ ಸಮಾಸಗಳನ್ನೂ ಬಾಯಿಪಾಠ ಮಾಡಿಸಿ ಕಳೆದ ವರ್ಷ ವಿಶ್ರಾಂತರಾದ ನಮ್ಮಂತಹ ಸಂಸ್ಕೃತ ಉಪಾಧ್ಯಾಯರು ಅಡಿಗೆಯ ವಿಷಯವಾಗಿ ಲೇಖನಿ ಹಿಡಿದರೆ ವಾಚಕರಿಗೆ, ವಿಶೇಷವಾಗಿ ವಾಚಕಿಯರಿಗೆ, ನಗೆ ಬರುವುದು ಸಹಜವೇ ಸರಿ. ನಮ್ಮ ಮನೆಯವರಂತೂ ಈಗಾಗಲೇ ನಕ್ಕಿದ್ದಾರೆ. ಪಾಕಶಾಲೆಯೊಳಗೆ ನಮ್ಮ ಸಂಚಾರವು ಅದುವರೆಗೆ ಕುಡಿಯುವ ನೀರಿಗಾಗಿ, ಅಪರೂಪಕ್ಕೊಮ್ಮೆ ಬೆಲ್ಲದ ಡಬ್ಬಿಗಾಗಿ ಮಾತ್ರ ನಡೆಯುತ್ತಿದ್ದಿತು. ಹೀಗಿರಲು ಹೋದ ಮಳೆಗಾಲದಲ್ಲಿ ನಾವು ಒಂದು ಪರದೇಶದ ಭಕ್ಷ್ಯವನ್ನು ಮಾಡಲು ಕಲಿತೆವು. ಅದು ಹೇಗಾಯಿತೆಂಬುದನ್ನು ಇದ್ದುದಿದ್ದಂತೆ ಬರೆಯುತ್ತೇವೆ.

ಒಂದು ಸಂಜೆ ನಮ್ಮ ಮಗಳು ಬೆಂಗಳೂರಿನಿಂದ ಬಂದು ಅಂಗಳದಲ್ಲಿ ಇಳಿದಳು. ಎರಡು ಬಟ್ಟೆಯ ಪೆಟ್ಟಿಗೆಗಳು. ಅವುಗಳ ಹಿಂದೆ ರಿಕ್ಷಾದವನು ಎದೆಗವಚಿಕೊಂಡು ತಂದ ಚೌಕವಾದ ಒಂದು ರಟ್ಟಿನ ಪೆಟ್ಟಿಗೆ. ಆಟಿ ತಿಂಗಳಲ್ಲಿ ಹೊಸ ಮದುಮಗಳು ತವರಿಗೆ ಬರುವ ವಾಡಿಕೆ ನಮ್ಮ ಪುತ್ತೂರು ಸೀಮೆಯಲ್ಲುಂಟು. ಆದರೆ ಇವಳ ಮದುವೆಯಾಗಿ ಐದು ವರ್ಷಗಳು ಕಳೆದಿದ್ದವು. ನೆರೆಯವರು ಆ ಲೆಕ್ಕವನ್ನು ಹಾಕದೆ ಇರಲಿಲ್ಲ.

"ಇನ್ನು ನಾನು ಅಲ್ಲಿಗೆ ಹೋಗುವುದಿಲ್ಲ" ಎಂದು ಅವಳು ಅಮ್ಮನೊಡನೆ ಒಮ್ಮೆ ಹೇಳಿದಳು. ನಮ್ಮೊಡನೆ ಅಷ್ಟನ್ನೂ ಹೇಳಲಿಲ್ಲ. ಹೇಳದೆ ಇರಲು ಕಾರಣವುಂಟು. ಎರಡು ವರ್ಷಗಳ ಹಿಂದೆ ಒಂದು ರಾತ್ರಿ ಅವಳು ಫೋನಿನಲ್ಲಿ, "ಅಪ್ಪಾ, ಇಲ್ಲಿ ಯಾವುದೂ ಸರಿಯಾಗುತ್ತಿಲ್ಲ" ಎಂದಿದ್ದಳು. ಅದಕ್ಕೆ ನಾವು ಏನು ಮಾಡಿದೆವೆಂದರೆ, ಸಹನೆಯನ್ನು ಹೊಗಳುವ ಒಂದು ಸುಭಾಷಿತವನ್ನು ಹೇಳಿ, ಅದರ ಅನ್ವಯವನ್ನೂ ತಾತ್ಪರ್ಯವನ್ನೂ ವಿವರಿಸಿದೆವು. ಅವಳು ಪೂರ್ತಿ ಕೇಳಿ, "ಆಯಿತು" ಎಂದು ಫೋನು ಇಟ್ಟಳು. ಆ ಮೇಲೆ ಆ ಮಾತನ್ನು ಎಂದೂ ಎತ್ತಲಿಲ್ಲ. ಜಾತಕಗಳನ್ನು ಕೂಡಿಸಿ ನೋಡಿದವರು ನಾವು. ಮನೆತನವನ್ನು ವಿಚಾರಿಸಿದವರು ನಾವು. ಮೊದಲ ಸಲ ಕರೆದಾಗ ಶ್ಲೋಕ ಹೇಳಿ ಕಳುಹಿಸಿದವರೂ ನಾವೇ.

ಮನೆಯೊಳಗೆ ಮೌನವು ಬೆಳೆಯಿತು. ಹಗಲು ಬಂಧುಗಳ ಫೋನು. ಎರಡೂ ಕಡೆಯ ಹಿರಿಯರು ಸೇರಿ ಒಂದು ದಾರಿ ಮಾಡೋಣವೆಂಬ ಮಾತು. ಯಾರ ಮನೆಯಲ್ಲಿ, ಯಾವ ದಿನ ಎಂಬ ಚರ್ಚೆ. ಊಟಕ್ಕೆ ಮೂವರೂ ಕುಳಿತರೆ ಮಳೆಯ ಸದ್ದು ಮಾತ್ರ ಕೇಳುತ್ತಿದ್ದಿತು.

ನಾಲ್ಕನೆಯ ರಾತ್ರಿ ಹನ್ನೊಂದರ ಸುಮಾರಿಗೆ ಅಡಿಗೆಯ ಮನೆಯಲ್ಲಿ ದೀಪ ಕಂಡು ಎದ್ದು ಹೋದೆವು. ರಟ್ಟಿನ ಪೆಟ್ಟಿಗೆಯೊಳಗಿದ್ದುದು ವಿದ್ಯುತ್ತಿನ ಒಂದು ಒಲೆ, ಓವನ್ ಎನ್ನುತ್ತಾರಷ್ಟೆ, ಅದು. ಮಗಳು ತಟ್ಟೆಗೆ ಬೆಣ್ಣೆ ಸವರುತ್ತಿದ್ದಳು. ನಮ್ಮನ್ನು ಕಂಡು, "ಬ್ರೌನಿ ಮಾಡುತ್ತಿದ್ದೇನೆ, ಮಲಗಿಕೊಳ್ಳಿ" ಎಂದಳು. ನಾವು ಮಲಗಲಿಲ್ಲ, ಅಲ್ಲಿಯೇ ಮಣೆಯ ಮೇಲೆ ಕುಳಿತೆವು. ಸ್ವಲ್ಪ ಹೊತ್ತಿನ ತರುವಾಯ ಅವಳು ಏನೂ ಹೇಳದೆ ಮೈದಾ ಹಿಟ್ಟಿನ ಜರಡಿಯನ್ನು ನಮ್ಮ ಕೈಗೆ ಕೊಟ್ಟಳು. ಅಲ್ಲಿಗೆ ನಮ್ಮ ವಿದ್ಯಾಭ್ಯಾಸ ಆರಂಭವಾಯಿತು.

ಈ ಭಕ್ಷ್ಯವು ಅಮೆರಿಕೆಯದು. ಬೋಸ್ಟನ್ನಿನ ಪಾಕಶಾಲೆಯ ಉಪಾಧ್ಯಾಯಿನಿ ಫ್ಯಾನಿ ಫಾರ್ಮರ್ ಎಂಬವರು 1896ರ ತಮ್ಮ ಗ್ರಂಥದಲ್ಲಿ ಇದೇ ಹೆಸರಿನ ಒಂದು ತಿನಿಸನ್ನು ಬರೆದಿದ್ದಾರೆ. ಆದರೆ ಅದರಲ್ಲಿ ಚಾಕೊಲೇಟು ಇಲ್ಲ, ಕಾಕಂಬಿ ಇದೆ. 1906ರ ಆವೃತ್ತಿಯಲ್ಲಿ ಚಾಕೊಲೇಟು ಬಂದಿದೆ. ಬ್ರೌನಿ ಎಂದರೆ ಕಂದು ಬಣ್ಣದ್ದು ಎಂದಷ್ಟೇ ಅರ್ಥವೆಂದು ತೋರುತ್ತದೆ. ಆದರೆ ಅದೇ ಶಬ್ದಕ್ಕೆ ಇಂಗ್ಲಿಷ್ ನಿಘಂಟಿನಲ್ಲಿ ಇನ್ನೊಂದು ಅರ್ಥವನ್ನೂ ಕಂಡೆವು. ಸ್ಕಾಟ್ಲೆಂಡಿನ ಜನರ ನಂಬಿಕೆಯಲ್ಲಿ ಬ್ರೌನಿ ಎಂಬುದು ಒಂದು ಸಣ್ಣ ಗೃಹಭೂತ. ಮನೆಯವರೆಲ್ಲರೂ ನಿದ್ರೆಹೋದ ಮೇಲೆ ಅದು ಬಂದು ಉಳಿದ ಮನೆಗೆಲಸಗಳನ್ನು ಮಾಡಿಟ್ಟು ಹೋಗುವುದಂತೆ. ಎರಡಕ್ಕೂ ಸಂಬಂಧವಿದೆಯೆಂದು ನಾವು ಹೇಳಲಾರೆವು. ಆ ರಾತ್ರಿಗಳಲ್ಲಿ ಮಾತ್ರ ನಮಗೆ ಎರಡನೆಯ ಅರ್ಥವೇ ಹಿಡಿಸಿತು.

ಮೊಟ್ಟೆಯ ವಿಷಯದಲ್ಲಿ ಸ್ವಲ್ಪ ವಿವಾದವಾಯಿತು. ಮೂಲಪದ್ಧತಿಯಂತೆ ಮೊಟ್ಟೆ ಬೇಕು. ನಮ್ಮ ಮನೆಯವರು, "ಏನು ಬೇಕಾದರೂ ಮಾಡಲಿ, ರಾತ್ರಿಯೇ ಮಾಡಲಿ, ಅದೊಂದು ಈ ಒಲೆಗೆ ಬೇಡ" ಎಂದರು. ಮಗಳು ವಾದಿಸದೆ ಮೊಸರನ್ನು ಹಾಕಿದಳು. ಬಲ್ಲವರು ಇದನ್ನು ಬ್ರೌನಿಯೆಂದು ಒಪ್ಪುವರೋ ಇಲ್ಲವೋ ಅರಿಯೆವು, ತಿಂದವರು ಒಪ್ಪಿದ್ದಾರೆ.

ಹಿಟ್ಟಿನ ಭಾಗವು ಸುಲಭ. ಚಾಕೊಲೇಟನ್ನೂ ಬೆಣ್ಣೆಯನ್ನೂ ಬಿಸಿನೀರಿನ ಮೇಲಿಟ್ಟ ಪಾತ್ರೆಯಲ್ಲಿ ಕರಗಿಸಿ, ಸಕ್ಕರೆ, ಮೊಸರು, ಕೋಕೋ ಪುಡಿ, ಸ್ವಲ್ಪವೇ ಮೈದಾ ಸೇರಿಸಿ, 175 ಡಿಗ್ರಿಯ ಬಿಸಿಯಲ್ಲಿ ಅರ್ಧ ಗಂಟೆಯಷ್ಟು ಬೇಯಿಸಿದರಾಯಿತು. ಕಷ್ಟವಿರುವುದು ಅದರ ಮೇಲೆ ಸುರಿಯುವ ಕ್ಯಾರಮೆಲ್ಲಿನಲ್ಲಿ. ಒಂದು ಲೋಟ ಸಕ್ಕರೆಯನ್ನು ನೀರು ಸೋಕಿಸದೆ ಬಾಣಲೆಯಲ್ಲಿ ಕರಗಿಸಬೇಕು. ನಮ್ಮ ಒಂದೆಳೆ ಎರಡೆಳೆಯ ಪಾಕಗಳಲ್ಲಿ ನೀರಿರುವುದರಿಂದ ಬಿಸಿಯು ನೂರು ಡಿಗ್ರಿಯನ್ನು ದಾಟಿ ಬಹಳ ದೂರ ಹೋಗುವುದಿಲ್ಲ. ಇಲ್ಲಿ ಅದು 170ರ ಆಸುಪಾಸಿಗೆ ಏರುತ್ತದೆ. ಮೊದಲು ಅಂಚು ಕರಗುವುದು, ಆ ಮೇಲೆ ನಡುವೆ ಗಂಟು ಕಟ್ಟುವುದು, ಕೆಟ್ಟೇಹೋಯಿತೆಂದು ತೋರುವುದು. ಆ ಗಂಟೂ ಕರಗಿ ಜೋನಿಬೆಲ್ಲದ ಬಣ್ಣ ಬಂದ ಕೂಡಲೇ ಬೆಣ್ಣೆಯನ್ನೂ ಕೆನೆಯನ್ನೂ ಹಾಕಬೇಕು. ಅರ್ಧ ನಿಮಿಷ ತಡವಾದರೆ ಕಹಿ. ಕೆನೆ ಬಿದ್ದೊಡನೆ ಬಾಣಲೆಯು ಬುಸ್ಸೆಂದು ಉಕ್ಕಿ ಮುಖಕ್ಕೆ ಎರಚುತ್ತದೆ. ಕೊನೆಗೆ ಒಂದು ಚಿಟಿಕೆ ಉಪ್ಪು. ಈ ಹತ್ತು ನಿಮಿಷಗಳಲ್ಲಿ ಫೋನು ಬಂದರೂ ಎತ್ತುವಂತಿಲ್ಲ, ನಾಳೆ ಯಾರು ಏನೆನ್ನುವರೆಂದು ಚಿಂತಿಸುವಂತಿಲ್ಲ. ಕಣ್ಣು ಬಣ್ಣದ ಮೇಲೆಯೇ ಇರಬೇಕು. ಮಗಳು ಈ ಕೆಲಸವನ್ನು ಏತಕ್ಕೆ ಆರಿಸಿಕೊಂಡಳೆಂಬುದು ನಮಗೆ ಎರಡನೆಯ ರಾತ್ರಿ ತಿಳಿಯಿತು.

ಪಾಕ ಎಂಬ ಶಬ್ದವನ್ನು ನಾವು ಎಷ್ಟು ಸಲ ಪಾಠ ಹೇಳಿದ್ದೇವೆ! ಪಚ್ ಧಾತು, ಕಾವ್ಯದಲ್ಲಿ ದ್ರಾಕ್ಷಾಪಾಕ, ನಾರಿಕೇಳಪಾಕ. ಇಂಗ್ಲಿಷಿನ ಶುಗರ್ ಶಬ್ದವು ನಮ್ಮ ಶರ್ಕರೆಯೇ ಪಾರಸಿ ಅರಬ್ಬಿಗಳನ್ನು ಸುತ್ತಿ ಹೋದದ್ದು, ಕ್ಯಾಂಡಿ ಎಂಬುದು ನಮ್ಮ ಖಂಡ ಎಂದು ಮಗಳಿಗೆ ತಿಳಿಸಿದೆವು. "ಅಪ್ಪಾ, ಬಣ್ಣ ನೋಡಿ" ಎಂದಳು. ಆ ಬಾಣಲೆಯು ಸ್ವಲ್ಪ ಕಹಿಯಾಯಿತು.

ಆಶ್ಚರ್ಯವೇನೆಂದರೆ, ಈ ಭಕ್ಷ್ಯದ ಮೂಲವು ನಮ್ಮ ತೋಟದಲ್ಲಿಯೇ ಇದ್ದಿತು. 1970ರ ದಶಕದಲ್ಲಿ ಅಡಿಕೆಯ ನೆರಳಿನಲ್ಲಿ ಕೋಕೋ ನೆಟ್ಟರೆ ಲಾಭವೆಂದು ಕೇಳಿ ತೀರ್ಥರೂಪರು ನೆಟ್ಟಿದ್ದರು. ಆ ದಶಕವು ಮುಗಿಯುವ ಹೊತ್ತಿಗೆ ಬೆಲೆ ಕುಸಿದು ಕೊಳ್ಳುವವರಿಲ್ಲದೆ ಊರಿನ ಅನೇಕರು ಗಿಡಗಳನ್ನು ಕಡಿದರು. ನಮ್ಮಲ್ಲಿಯೂ ಅರ್ಧ ಹೋಯಿತು. ಅನಂತರ ಬೆಳೆಗಾರರ ಸಹಕಾರ ಸಂಸ್ಥೆಯಾದ ಕ್ಯಾಂಪ್ಕೋ ಕೊಳ್ಳತೊಡಗಿ, 1986ರಲ್ಲಿ ಪುತ್ತೂರಿನಲ್ಲಿಯೇ ಚಾಕೊಲೇಟಿನ ಕಾರ್ಖಾನೆಯನ್ನು ಸ್ಥಾಪಿಸಿತು. ಹುಡುಗರಾಗಿದ್ದಾಗ ನಾವು ಕಾಯನ್ನು ಕಲ್ಲಿಗೆ ಬಡಿದು ಬೀಜದ ಮೇಲಿನ ಬಿಳಿಯ ತಿರುಳನ್ನು ಚೀಪಿ ಬೀಜವನ್ನು ಉಗುಳುತ್ತಿದ್ದೆವು. ಹಸಿಯ ಬೀಜವು ಅಷ್ಟು ಕಹಿ. ಅದನ್ನು ತಿರುಳಿನೊಡನೆಯೇ ಐದಾರು ದಿನ ಮುಚ್ಚಿಟ್ಟು ಹುಳಿಬರಿಸಿ, ಬಿಸಿಲಿನಲ್ಲಿ ಒಣಗಿಸಿ, ಹುರಿದ ಮೇಲೆಯೇ ಚಾಕೊಲೇಟಿನ ಪರಿಮಳ ಬರುವುದು. ಸಸ್ಯಶಾಸ್ತ್ರಜ್ಞನಾದ ಲಿನೇಯಸನು 1753ರಲ್ಲಿ ಈ ಮರಕ್ಕೆ ಇಟ್ಟ ಗ್ರೀಕು ಹೆಸರಿಗೆ ದೇವತೆಗಳ ಆಹಾರವೆಂದು ಅರ್ಥ. ನಾಲ್ವತ್ತು ವರ್ಷ ಬೀಜವನ್ನು ತೂಕಮಾಡಿ ಕೊಟ್ಟು ಹಣ ಎಣಿಸಿಕೊಂಡು ಬಂದೆವಲ್ಲದೆ, ಆ ಮೇಲೆ ಅದು ಏನಾಗುವುದೆಂದು ಒಂದು ದಿನವೂ ವಿಚಾರಿಸಿರಲಿಲ್ಲ.

ಒಂದು ರಾತ್ರಿ ತಟ್ಟೆಯು ಒಳಗಿರುವಾಗಲೇ ಗುಡುಗು ಬಂದು ವಿದ್ಯುತ್ತು ಹೋಯಿತು. ಒಂದು ಗಂಟೆ ಕಾದರೂ ಬರಲಿಲ್ಲ. ಹೊರತೆಗೆದರೆ ಅಂಚು ಬೆಂದು ನಡುವು ಕುಸಿದಿದ್ದಿತು. ಮೊಂಬತ್ತಿಯ ಬೆಳಕಿನಲ್ಲಿ ಮೂವರೂ ಒಂದೇ ತಟ್ಟೆಗೆ ಚಮಚ ಹಾಕಿ ತಿಂದೆವು. ನಮ್ಮ ಮನೆಯವರು ನಮ್ಮ ಸಕ್ಕರೆ ಕಾಯಿಲೆಯನ್ನು ಆ ರಾತ್ರಿ ಜ್ಞಾಪಿಸಲಿಲ್ಲ. ಹಾಗೆ ಕುಳಿತಾಗ ನಮಗೆ ಉಪಾಧ್ಯಾಯಿಕೆಯ ಚಪಲವು ಮತ್ತೆ ಬಂದಿತು. ಕಷ್ಟಕಾಲದಲ್ಲಿ ಸಟ್ಟುಗ ಹಿಡಿದವರು ದೊಡ್ಡದೊಡ್ಡವರೇ ಇದ್ದಾರೆ, ಭೀಮನು ವಿರಾಟನ ಮನೆಯಲ್ಲಿ ವಲಲನಾದನು, ಇನ್ನು ನಳನು... ಎಂದು ಆರಂಭಿಸಿ ನಾಲಿಗೆ ಕಚ್ಚಿಕೊಂಡೆವು. ನಡುರಾತ್ರಿ ಕಾಡಿನಲ್ಲಿ ಹೆಂಡತಿಯನ್ನು ಬಿಟ್ಟುಹೋದವನು ಅವನೇ ಅಲ್ಲವೆ?

ಮಗಳು ಚಮಚವನ್ನು ಕೆಳಗಿಟ್ಟಳು. "ದಮಯಂತಿ ಅವನ ಅಡಿಗೆಯ ರುಚಿ ನೋಡಿ ಗುರುತು ಹಿಡಿದಳು, ಆ ಮೇಲೆ ಕೂಡಿಕೊಂಡಳು. ನೀವೇ ಹೇಳಿಕೊಟ್ಟದ್ದು ಅಪ್ಪಾ. ನನಗೆ ಗುರುತು ಸಿಕ್ಕಿಯಾಗಿದೆ. ಅದಕ್ಕೇ ಬಂದೆ."

ಮರುರಾತ್ರಿ ಬಾಣಲೆ ನಮ್ಮ ಕೈಯಲ್ಲಿದ್ದಿತು. ಕೆನೆ ಹಾಕಿಯಾಗಿತ್ತು, ತಿರುವುತ್ತಿದ್ದೆವು. ಮುಖ ನೋಡದೆ ಹೇಳುವುದಕ್ಕೆ ಅದು ಅನುಕೂಲವಾದ ಹೊತ್ತು. "ಆ ದಿನ ನೀನು ಫೋನು ಮಾಡಿದಾಗ ನಾವು ಶ್ಲೋಕ ಹೇಳಬಾರದಿತ್ತು, ಮಗಳೇ. ಬಾ ಎನ್ನಬೇಕಾಗಿತ್ತು" ಎಂದೆವು.

ಅವಳು ಬಹಳ ಹೊತ್ತು ಸುಮ್ಮನಿದ್ದಳು. ಆ ಮೇಲೆ, "ಕೈ ನಿಲ್ಲಿಸಬೇಡಿ ಅಪ್ಪಾ, ತಳ ಹಿಡಿಯುತ್ತದೆ" ಎಂದಳು. ಮೂಗು ಒರೆಸಿಕೊಂಡ ಸದ್ದು ಕೇಳಿಸಿತು. ನಾವು ಕೈ ನಿಲ್ಲಿಸಲಿಲ್ಲ.

ಹಿರಿಯರ ಸಭೆ ಒಂದು ಭಾನುವಾರ ನಡೆಯಿತು. ಅದರ ವಿವರ ಇಲ್ಲಿ ಅನಗತ್ಯ. ಹೊಂದಿಕೊಂಡು ಹೋಗಬೇಕೆಂದು ಒಬ್ಬರು ಸಹನೆಯ ಮಹಿಮೆಯನ್ನು ಎತ್ತಿದಾಗ, ಆ ಶ್ಲೋಕವು ನಮಗೂ ಬರುತ್ತದೆಂದೂ, ಅದರಿಂದ ಆಗಬೇಕಾದಷ್ಟು ಆಗಿದೆಯೆಂದೂ, ಮಗಳು ಹೇಳಿದಂತೆಯೇ ನಡೆಯತಕ್ಕದ್ದೆಂದೂ ಹೇಳಿದೆವು. ನಮ್ಮ ದನಿ ಸ್ವಲ್ಪ ಏರಿತೆಂದು ಮನೆಯವರು ಆ ಮೇಲೆ ತಿಳಿಸಿದರು. ಉಭಯತರ ಸಮ್ಮತಿಯ ಅರ್ಜಿಯು ಈಗ ನ್ಯಾಯಾಲಯದಲ್ಲಿದೆ. ಬಂಧುಗಳಲ್ಲಿ ಇಬ್ಬರು ನಮ್ಮ ಮನೆಗೆ ಬರುವುದನ್ನು ಬಿಟ್ಟಿದ್ದಾರೆ.

ಮಗಳು ತನ್ನ ಉದ್ಯೋಗಕ್ಕೆ ಬೆಂಗಳೂರಿಗೆ ಮರಳಿದಳು. ಬೇರೆ ಬಾಡಿಗೆಯ ಮನೆ. ಓವನ್ ಇಲ್ಲಿಯೇ ಇರಲಿ ಎಂದಳು. ಹೋದ ಶನಿವಾರ ನಾವೊಬ್ಬರೇ ಮಾಡಹೊರಟು ಎರಡು ಬಾಣಲೆ ಸಕ್ಕರೆಯನ್ನು ಕರಿಮಾಡಿದೆವು. ಮೂರನೆಯದಕ್ಕೆ ಮನೆಯವರು ಫೋನು ಹಿಡಿದು ಪಕ್ಕದಲ್ಲಿ ನಿಂತರು. ಬೆಂಗಳೂರಿನಿಂದ ಮಗಳ ದನಿ ಕೇಳಿತು: "ಬಣ್ಣ ಹೇಗಿದೆ?"

"ಜೋನಿಬೆಲ್ಲಕ್ಕಿಂತ ಒಂದು ಪಾಲು ತೆಳ್ಳಗೆ" ಎಂದೆವು.

"ಹಾಗಾದರೆ ಈಗ ಹಾಕಿ. ಮುಖ ಹಿಂದಿಟ್ಟುಕೊಳ್ಳಿ ಅಪ್ಪಾ."